ರಿಪೇರಿಗೆ ಬಂದ ಐಸಾಕ್

ಭಯ ಹುಟ್ಟಿಸುವ ವಿಡಿಯೊ ಗೇಮ್‌ಗಳ ನಾಯಕರನ್ನು ಸಾಲಾಗಿ ನಿಲ್ಲಿಸಿ ನೋಡಿ. ‘ರೆಸಿಡೆಂಟ್ ಈವಿಲ್ 2’ರ ಲಿಯಾನ್ ಪೊಲೀಸ್. ಅದೇ ಸರಣಿಯ ಕ್ರಿಸ್, ಜಿಲ್ ಇಬ್ಬರೂ ವಿಶೇಷ ಪಡೆಯಲ್ಲಿ ಪಳಗಿದವರು. ಕೈಗೆ ಪಿಸ್ತೂಲು ಕೊಟ್ಟರೆ ಏನು ಮಾಡಬೇಕೆಂದು ಇವರಿಗೆ ಗೊತ್ತು. ಈ ಸಾಲಿನ ಕೊನೆಯಲ್ಲಿ, ಟೂಲ್ ಕಿಟ್ ಹಿಡಿದು, ಯಾರೋ ತಪ್ಪಾಗಿ ಇಲ್ಲಿಗೆ ಕಳಿಸಿದ್ದಾರೆ ಎಂಬ ಹಾಗೆ ನಿಂತವನು ಐಸಾಕ್ ಕ್ಲಾರ್ಕ್. ‘ಡೆಡ್ ಸ್ಪೇಸ್’ ಗೇಮ್‌ನ ನಾಯಕ. ವೃತ್ತಿಯಲ್ಲಿ ಎಂಜಿನಿಯರ್. ಸಂಶೋಧಕನಲ್ಲ, ಸೂಟು ಬೂಟಿನ ಮ್ಯಾನೇಜರ್ ಕೂಡ ಅಲ್ಲ. ಹಡಗು ಕೆಟ್ಟು ನಿಂತರೆ ಹೋಗಿ ಸರಿ ಮಾಡಿ ಬರುವವನು.

ಬಿಇ ಓದುತ್ತಿರುವ ನನ್ನಂಥವರಿಗೆ ಈತ ಹತ್ತಿರವಾಗುವುದು ಇದಕ್ಕೇ. ಐಸಾಕ್ ಅಸಿಮೊವ್ ಮತ್ತು ಆರ್ಥರ್ ಸಿ. ಕ್ಲಾರ್ಕ್ ಎಂಬ ಇಬ್ಬರು ದೊಡ್ಡ ವಿಜ್ಞಾನ ಕಥೆಗಾರರ ಹೆಸರನ್ನು ಸೇರಿಸಿ ಇವನಿಗೆ ಇಟ್ಟಿದ್ದಾರೆ. ಹೆಸರು ಅಷ್ಟು ದೊಡ್ಡದು, ಕೆಲಸ ಮಾತ್ರ ಮೇಂಟೆನೆನ್ಸ್.

ಮೊದಲ ಗೇಮ್ ಬಂದದ್ದು 2008ರ ಅಕ್ಟೋಬರ್‌ನಲ್ಲಿ. ಆಗ ನಾನು ಅಂಗನವಾಡಿಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದ ಮಗು. ಅದನ್ನು ಆಡಿದ್ದು ಹದಿನೈದು ವರ್ಷಗಳ ಮೇಲೆ, ಹಾಸ್ಟೆಲ್‌ನಲ್ಲಿ, ರೂಮ್‌ಮೇಟ್‌ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ, ಒಂದೇ ಇಯರ್‌ಫೋನನ್ನು ಇಬ್ಬರು ಹಂಚಿಕೊಂಡು. 2023ರ ಜನವರಿಯಲ್ಲಿ ಬಿಡುಗಡೆಯಾದ ರಿಮೇಕ್ ಅನ್ನು ಆಮೇಲೆ ಅಣ್ಣನ ಕಂಪ್ಯೂಟರ್‌ನಲ್ಲಿ ಮುಗಿಸಿದೆ. ಮುಂದೆ ಕಥೆಯ ಗುಟ್ಟುಗಳನ್ನೆಲ್ಲ ಬಿಟ್ಟುಕೊಡಲಿದ್ದೇನೆ. ಆಡಬೇಕೆಂದು ಇರುವವರು ಇಲ್ಲಿಗೇ ಪುಟ ಮಡಚಿಟ್ಟು, ಆಡಿ ಬಂದು ಓದಿ.

ಕಥೆ ನಡೆಯುವುದು 2508ರಲ್ಲಿ. ಇಶಿಮುರಾ ಎಂಬುದು ಇಡೀ ಗ್ರಹವನ್ನೇ ಒಡೆದು ಅದಿರು ತೆಗೆಯುವ ದೈತ್ಯ ಗಣಿ ಹಡಗು. ಈಜಿಸ್ 7 ಎಂಬ ಗ್ರಹದ ಮೇಲೆ ಸುತ್ತುತ್ತಿದ್ದ ಅದರಿಂದ ಸಂಪರ್ಕ ಕಡಿದುಹೋಗಿದೆ. ‘ಹೋಗಿ ನೋಡಿ, ಸರಿ ಮಾಡಿ ಬನ್ನಿ’ ಎಂದು ಒಂದು ಸಣ್ಣ ತಂಡವನ್ನು ಕಳಿಸುತ್ತಾರೆ. ತಂಡದ ಮುಖ್ಯಸ್ಥ ಹ್ಯಾಮಂಡ್, ಕಂಪ್ಯೂಟರ್ ತಜ್ಞೆ ಕೆಂಡ್ರಾ, ಜತೆಗೆ ನಮ್ಮ ಐಸಾಕ್. ಅವನಿಗೆ ಇನ್ನೊಂದು ಕಾರಣವೂ ಇದೆ. ಅವನ ಹುಡುಗಿ ನಿಕೋಲ್ ಅದೇ ಹಡಗಿನಲ್ಲಿ ವೈದ್ಯೆ. ದಾರಿಯುದ್ದಕ್ಕೂ ಅವಳು ಕಳಿಸಿದ ವಿಡಿಯೊ ಸಂದೇಶವನ್ನು ನೋಡುತ್ತ ಬರುತ್ತಾನೆ. ಈ ಸಂದೇಶ ನೆನಪಿರಲಿ.

ಹಡಗು ಹೊಕ್ಕ ಹತ್ತು ನಿಮಿಷದೊಳಗೇ ನನ್ನ ಮೊದಲ ಮರೆಯಲಾಗದ ಕ್ಷಣ ಬರುತ್ತದೆ. ಗಾಜಿನ ಗೋಡೆಯ ಈಚೆ ಐಸಾಕ್ ಒಬ್ಬನೇ ಕಂಪ್ಯೂಟರ್ ಮುಂದೆ ನಿಂತು, ಏನೇನು ಕೆಟ್ಟಿದೆ ಎಂಬ ವರದಿ ತೆಗೆಯುತ್ತಿದ್ದಾನೆ. ದೀಪ ಆರುತ್ತದೆ. ಗಾಜಿನ ಆಚೆ, ಚಾವಣಿಯಿಂದ ಏನೋ ಇಳಿಯುತ್ತದೆ. ಜತೆಗೆ ಬಂದ ಸೈನಿಕರನ್ನು ಅದು ಸಿಗಿಯುವುದನ್ನು ಇವನು ನೋಡುತ್ತ ನಿಲ್ಲಬೇಕು. ಆಮೇಲೆ ಓಟ. ಕೈಯಲ್ಲಿ ಒಂದು ಸ್ಪ್ಯಾನರ್ ಕೂಡ ಇಲ್ಲ. ಹೇಗೋ ಲಿಫ್ಟ್ ಸೇರಿ ಬಟನ್ ಒತ್ತಿದರೆ, ಮುಚ್ಚಿದ ಬಾಗಿಲನ್ನು ಎರಡು ಕತ್ತಿಯಂಥ ಕೈಗಳು ಬಲವಂತವಾಗಿ ತೆರೆಯುತ್ತವೆ. ಬಾಗಿಲು ಮತ್ತೆ ಮುಚ್ಚಿಕೊಂಡಾಗ ಆ ಜಂತು ಅಲ್ಲೇ ತುಂಡಾಗುತ್ತದೆ.

ಮೊದಲ ಸಲ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಎರಡನೇ ಸಲ ಆಡುವಾಗ ಹೊಳೆಯಿತು: ಈ ಜಂತುಗಳನ್ನು ಕೊಲ್ಲುವುದು ಹೇಗೆ ಎಂದು ಗೇಮ್ ಮೊದಲು ಹೇಳಿಕೊಡುವುದೇ ಆ ಲಿಫ್ಟ್ ಬಾಗಿಲಿನ ಮೂಲಕ. ಬೇರೆ ಗೇಮ್‌ಗಳಲ್ಲಿ ತಲೆಗೆ ಗುಂಡು ಹೊಡೆದರೆ ಮುಗಿಯಿತು. ಇಲ್ಲಿ ತಲೆ ಹಾರಿಸಿದರೂ ನೆಕ್ರೊಮಾರ್ಫ್ ಎಂಬ ಈ ಹೆಣ ಮೈಮೇಲೆ ಬರುತ್ತಲೇ ಇರುತ್ತದೆ. ಕೈಕಾಲು ಕತ್ತರಿಸಿದರೆ ಮಾತ್ರ ನಿಲ್ಲುತ್ತದೆ. ಮುಂದಿನ ಕೋಣೆಯ ಗೋಡೆಯ ಮೇಲೆ ಯಾರೋ ರಕ್ತದಲ್ಲಿ ಅದನ್ನೇ ಬರೆದಿಟ್ಟಿದ್ದಾರೆ. ಪಕ್ಕದ ವರ್ಕ್‌ಬೆಂಚ್ ಮೇಲೆ ಪ್ಲಾಸ್ಮಾ ಕಟರ್ ಇದೆ.

ಈ ಕಟರ್ ಬಗ್ಗೆ ಎರಡು ಮಾತು ಹೇಳಲೇಬೇಕು. ಇದು ಆಯುಧವಲ್ಲ, ಗಣಿಯಲ್ಲಿ ಕಲ್ಲು, ಅದಿರು ಕೊಯ್ಯುವ ಉಪಕರಣ. ಎದುರಿಗೆ ಮೂರು ಬೆಳಕಿನ ಚುಕ್ಕೆಗಳು ಗೆರೆಯಾಗಿ ಬೀಳುತ್ತವೆ. ಒಂದು ಬಟನ್ ಒತ್ತಿದರೆ ಆ ಗೆರೆ ಅಡ್ಡದಿಂದ ಉದ್ದಕ್ಕೆ ತಿರುಗುತ್ತದೆ. ಓಡಿ ಬರುವುದರ ಕಾಲಿಗೆ ಅಡ್ಡ ಗೆರೆ, ಚಾಚಿದ ತೋಳಿಗೆ ಉದ್ದ ಗೆರೆ. ಗಾಬರಿಯಲ್ಲಿ ಬಟನ್ ಒತ್ತಿ ಒತ್ತಿ ಗುಂಡು ವ್ಯರ್ಥ ಮಾಡುವವರು ಇಲ್ಲಿ ಬದುಕುವುದಿಲ್ಲ. ಒಂದು ಅರೆಕ್ಷಣ ನಿಂತು, ಕೋನ ನೋಡಿ, ಕೊಯ್ಯಬೇಕು. ವರ್ಕ್‌ಶಾಪ್ ಲ್ಯಾಬ್‌ನಲ್ಲಿ ಹ್ಯಾಕ್ಸಾ ಹಿಡಿದು ಎಂಎಸ್ ಪ್ಲೇಟ್ ಕೊಯ್ದವರಿಗೆ ಆ ಅರೆಕ್ಷಣ ಗೊತ್ತು. ಗುರುತು ಹಾಕದೆ ಬ್ಲೇಡ್ ಇಟ್ಟರೆ ಕೆಲಸ ಕೆಡುತ್ತದೆ. ಐಸಾಕ್‌ಗೆ ಸಿಗುವ ಉಳಿದ ಹತಾರಗಳೂ ಹೆಚ್ಚಿನವು ಇಂಥವೇ, ತಿರುಗುವ ಗರಗಸ ಚಕ್ರದ ರಿಪ್ಪರ್, ಅಗಲಕ್ಕೆ ಕೊಯ್ಯುವ ಲೈನ್ ಗನ್. ನಿಜವಾದ ಮಿಲಿಟರಿ ಬಂದೂಕು ಎಂದರೆ ಪಲ್ಸ್ ರೈಫಲ್ ಒಂದೇ, ಅದನ್ನು ನಾನು ಹೆಚ್ಚು ಬಳಸಲೇ ಇಲ್ಲ.

ಪರದೆಯ ಮೇಲೆ ಜೀವದ ಪಟ್ಟಿ, ಗುಂಡಿನ ಲೆಕ್ಕ ಏನೂ ತೋರುವುದಿಲ್ಲ. ಐಸಾಕ್‌ನ ಸೂಟಿನ ಬೆನ್ನುಮೂಳೆಯ ಉದ್ದಕ್ಕೂ ಒಂದು ಬೆಳಕಿನ ಕೊಳವೆ ಇದೆ, ಅದು ಎಷ್ಟು ತುಂಬಿದೆಯೋ ಅಷ್ಟು ಜೀವ. ಗುಂಡಿನ ಸಂಖ್ಯೆ ಕಟರ್ ಮೇಲೆಯೇ ಹೊಳೆಯುತ್ತದೆ. ಬ್ಯಾಗ್ ತೆರೆದು ಔಷಧ ಹುಡುಕುವಾಗ ಆಟ ನಿಲ್ಲುವುದಿಲ್ಲ. ನೀವು ಹುಡುಕುತ್ತಿರುವಾಗಲೇ ಹಿಂದಿನಿಂದ ಬಂದು ಹಿಡಿಯುತ್ತದೆ. ಗಣಿಯಲ್ಲಿ ಪಕ್ಕದಲ್ಲಿ ನಡೆಯುವವನ ಸ್ಥಿತಿ ಜತೆಗಾರನಿಗೆ ಒಂದೇ ನೋಟಕ್ಕೆ ಗೊತ್ತಾಗಲಿ ಎಂದು ಮಾಡಿದ ಸೂಟು ಅದು, ಎಂದುಕೊಂಡರೆ ಎಷ್ಟು ಸರಿಯಾಗಿ ಹೊಂದುತ್ತದೆ ನೋಡಿ. ಇಲ್ಲಿ ಅವನ ಬೆನ್ನು ನೋಡುತ್ತ ನಡೆಯುವ ಜತೆಗಾರ ನಾವೇ.

ಇನ್ನು ಅವನ ಕೆಲಸಗಳು. ನನ್ನ ಪ್ರಕಾರ ಈ ಗೇಮ್‌ನ ನಿಜವಾದ ಭಯ ಇರುವುದು ಇಲ್ಲಿ. ರೇಡಿಯೊದಲ್ಲಿ ಹ್ಯಾಮಂಡ್ ಮತ್ತು ಕೆಂಡ್ರಾ ಒಂದೇ ಸಮ ಹೇಳುತ್ತಲೇ ಇರುತ್ತಾರೆ: ಐಸಾಕ್, ಟ್ರಾಮ್ ನಿಂತಿದೆ. ಐಸಾಕ್, ಎಂಜಿನ್ ಬಂದ್ ಆಗಿದೆ, ಹಡಗು ಗ್ರಹದ ಕಡೆ ಜಾರುತ್ತಿದೆ. ಐಸಾಕ್, ಉಸಿರಾಡುವ ಗಾಳಿ ವಿಷವಾಗುತ್ತಿದೆ. ‘ಇಬ್ಬರು ಬಾಸ್, ಒಬ್ಬನೇ ಇಂಟರ್ನ್’ ಎಂದು ನಮ್ಮ ರೂಮಿನಲ್ಲಿ ತಮಾಷೆ ಮಾಡುತ್ತಿದ್ದೆವು. ಆದರೆ ಒಂದನ್ನು ಗಮನಿಸಿ. ದೆವ್ವದ ಸಿನಿಮಾ ನೋಡುವಾಗ ‘ಆ ಕೋಣೆಗೆ ಯಾಕಪ್ಪಾ ಹೋಗ್ತೀಯ?’ ಎಂದು ನಾವು ಕಿರುಚುತ್ತೇವಲ್ಲ, ಇಲ್ಲಿ ಹಾಗೆ ಕಿರುಚಲು ಆಗುವುದಿಲ್ಲ. ಹೋಗಲೇಬೇಕು. ಎಂಜಿನ್ ಶುರುವಾಗದಿದ್ದರೆ ಎಲ್ಲರೂ ಸಾಯುತ್ತಾರೆ, ಮತ್ತು ಎಂಜಿನ್ ಇರುವುದು ಆ ಕತ್ತಲೆಯಲ್ಲೇ.

ಮೂರನೇ ಅಧ್ಯಾಯದ ಸೆಂಟ್ರಿಫ್ಯೂಜ್ ಇದಕ್ಕೆ ಒಳ್ಳೆಯ ಉದಾಹರಣೆ. ಎಂಜಿನ್‌ಗಾಗಿ ಒಂದು ಭಾರಿ ತಿರುಗುಯಂತ್ರವನ್ನು ಐಸಾಕ್ ಮತ್ತೆ ಚಾಲೂ ಮಾಡಬೇಕು. ವೇಗವನ್ನು ಸ್ವಲ್ಪ ಹೊತ್ತು ನಿಧಾನಿಸುವ ಸ್ಟೇಸಿಸ್, ದೂರದಿಂದಲೇ ವಸ್ತುವನ್ನು ಎತ್ತಿ ಸರಿಸುವ ಕೈನೆಸಿಸ್, ಎರಡನ್ನೂ ಬಳಸಿ ಭಾಗಗಳನ್ನು ಜಾಗಕ್ಕೆ ಕೂರಿಸುತ್ತೀರಿ. ಯಂತ್ರ ತಿರುಗುತ್ತದೆ. ಖುಷಿಪಡಬೇಕು ಎನ್ನುವಷ್ಟರಲ್ಲಿ ಕೋಣೆಯ ಗಾಳಿಯೆಲ್ಲ ಖಾಲಿ. ನೀವೇ ರಿಪೇರಿ ಮಾಡಿದ ಆ ದೈತ್ಯ ತೋಳು ಈಗ ಸುತ್ತುತ್ತ ನಿಮ್ಮನ್ನೇ ಅರೆಯಲು ಬರುತ್ತದೆ. ಗೋಡೆಯ ಗೂಡುಗಳಲ್ಲಿ ಅಡಗಿ, ತೋಳು ದಾಟಿದ ಕೂಡಲೇ ಮುಂದಿನ ಗೂಡಿಗೆ ಓಡಬೇಕು. ಬೆನ್ನ ಮೇಲೆ ಆಮ್ಲಜನಕದ ಸೆಕೆಂಡುಗಳು ಇಳಿಯುತ್ತಿವೆ.

ಆಗ ಕೇಳುವ ಸದ್ದು! ನಿರ್ವಾತದಲ್ಲಿ ಶಬ್ದ ಹರಡುವುದಿಲ್ಲ ಎಂದು ಹೈಸ್ಕೂಲ್‌ನಲ್ಲಿ ಗಂಟೆಯನ್ನು ಗಾಜಿನ ಜಾಡಿಯಲ್ಲಿಟ್ಟು ತೋರಿಸಿದ್ದರು. ಇಲ್ಲಿ ಅದೇ ಪ್ರಯೋಗದ ಒಳಗೆ ನಾವಿದ್ದೇವೆ. ಹೊರಗಿನದೆಲ್ಲ ದೂರದ ಗುದ್ದಿನಂತೆ ಮಂದ. ಹತ್ತಿರದಲ್ಲಿ ಕೇಳುವುದು ಐಸಾಕ್‌ನ ಏದುಸಿರು ಮಾತ್ರ. ಹಿಂದೆ ಏನೋ ಬರುತ್ತಿದ್ದರೂ ಗೊತ್ತಾಗುವುದಿಲ್ಲ. ಬೇರೆ ಗೇಮ್‌ಗಳು ದೊಡ್ಡ ಸದ್ದು ಮಾಡಿ ಬೆಚ್ಚಿಬೀಳಿಸಿದರೆ, ಇದು ಸದ್ದನ್ನೇ ಕಿತ್ತುಕೊಂಡು ಹೆದರಿಸುತ್ತದೆ. ಧ್ವನಿ ಬಳಕೆಗೂ ಜೇಸನ್ ಗ್ರೇವ್ಸ್ ಅವರ ಸಂಗೀತಕ್ಕೂ 2009ರಲ್ಲಿ ಬಾಫ್ಟಾ ಪ್ರಶಸ್ತಿಗಳು ಬಂದದ್ದು ಸುಮ್ಮನೆ ಅಲ್ಲ.

ನಾಲ್ಕನೇ ಅಧ್ಯಾಯದಲ್ಲಿ ಫಿರಂಗಿಯ ಮುಂದೆ ಕೂತು ಉಲ್ಕೆಗಳನ್ನು ಒಡೆಯುವ ಭಾಗ ಮಾತ್ರ ನನಗೆ ಹಿಂಸೆ. ಅದನ್ನು ಇಷ್ಟಪಟ್ಟವರು ಯಾರೂ ನನಗೆ ಸಿಕ್ಕಿಲ್ಲ. ರಿಮೇಕ್ ಮಾಡಿದವರೂ ಅದನ್ನು ಬದಲಿಸಿಬಿಟ್ಟರು, ಪುಣ್ಯ ಬರಲಿ.

‘ಹಂಟರ್’ನ ವಿಷಯ ಬೇರೆ. ಮರ್ಸರ್ ಎಂಬ ತಲೆಕೆಟ್ಟ ವಿಜ್ಞಾನಿ ಸೃಷ್ಟಿಸಿದ ಜಂತು ಅದು. ಅಷ್ಟು ಹೊತ್ತು ಕೈಕಾಲು ಕತ್ತರಿಸಿ ಧೈರ್ಯ ಬಂದಿರುತ್ತದೆ ನೋಡಿ, ಇದರ ಕೈ ಕತ್ತರಿಸಿದರೆ ಮತ್ತೆ ಬೆಳೆಯುತ್ತದೆ. ಕಾಲು ಕತ್ತರಿಸಿದರೆ ಅದೂ ಬೆಳೆಯುತ್ತದೆ. ಕಲಿತ ಸೂತ್ರ ಕೆಲಸ ಮಾಡುವುದಿಲ್ಲ ಎಂದು ಗೊತ್ತಾಗುವ ಆ ಗಳಿಗೆ, ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ತಿರುಗಿಸಿದಾಗ ಹೊಟ್ಟೆಯಲ್ಲಿ ಆಗುವ ತಳಮಳವೇ. ಐಸಾಕ್ ಮೊದಲು ಅದನ್ನು ಪ್ರಯೋಗಾಲಯದ ಶೀತಲ ಕೋಶದೊಳಗೆ ಸೆಳೆದು ಹೆಪ್ಪುಗಟ್ಟಿಸುತ್ತಾನೆ. ಅದು ತಪ್ಪಿಸಿಕೊಂಡು ಮತ್ತೆ ಬರುತ್ತದೆ. ಹತ್ತನೇ ಅಧ್ಯಾಯದಲ್ಲಿ, ನೌಕೆಯೊಂದರ ಎಂಜಿನ್ ಪರೀಕ್ಷಿಸುವ ನೆಪದಲ್ಲಿ, ಅದರ ಬೆಂಕಿಯ ಬಾಯಿಗೇ ಹಂಟರ್‌ನನ್ನು ನಿಲ್ಲಿಸಿ ಸ್ವಿಚ್ ಒತ್ತುತ್ತಾನೆ. ನಮ್ಮ ರೂಮಿನಲ್ಲಿ ಚಪ್ಪಾಳೆ ಬಿದ್ದದ್ದು ಅದೊಂದೇ ಸಲ. ಪಕ್ಕದ ರೂಮಿನವರು ಕ್ರಿಕೆಟ್ ಎಂದುಕೊಂಡು ಸ್ಕೋರ್ ಕೇಳಲು ಬಂದರು.

ಇಷ್ಟೆಲ್ಲ ಮಾಡಿದರೂ ಅವನು ಯಾರನ್ನೂ ಉಳಿಸಲಾರ. ಹಳೆಯ ಗೇಮ್‌ನಲ್ಲಿ ಗಾಜು ಮತ್ತೆ ಮತ್ತೆ ಬರುತ್ತದೆ. ಮೊದಲ ದೃಶ್ಯದಲ್ಲಿ ಸೈನಿಕರು ಗಾಜಿನ ಆಚೆ ಸತ್ತರು. ಒಂಬತ್ತನೇ ಅಧ್ಯಾಯದಲ್ಲಿ ಹ್ಯಾಮಂಡ್ ಕೂಡ ಗಾಜಿನ ಆಚೆಯೇ ಸಾಯುತ್ತಾನೆ. ಐಸಾಕ್ ಇಡೀ ಆಟದಲ್ಲಿ ಒಂದು ಮಾತೂ ಆಡುವುದಿಲ್ಲ. ಹೆಲ್ಮೆಟ್ ಒಳಗೆ ಅವನ ಮುಖ ಹೇಗಾಯಿತು ಎಂದು ನಾವೇ ಊಹಿಸಿಕೊಳ್ಳಬೇಕು. ಯಂತ್ರ ಯಾವುದಿದ್ದರೂ ಸರಿ ಮಾಡುವವನ ಕೈಗೆ ಮನುಷ್ಯರು ಮಾತ್ರ ಸಿಗುವುದಿಲ್ಲ.

ಈಗ ಆ ವಿಡಿಯೊಗೆ ಬರೋಣ. ನಡುನಡುವೆ ನಿಕೋಲ್ ಅವನಿಗೆ ಕಾಣಿಸುತ್ತಾಳೆ, ಮಾತಾಡುತ್ತಾಳೆ, ಬಾಗಿಲು ತೆರೆದುಕೊಡುತ್ತಾಳೆ. ಅವಳನ್ನು ಕರೆದುಕೊಂಡು ಮನೆಗೆ ಹೋಗುತ್ತೇವೆ ಎಂಬ ಒಂದೇ ಆಸೆಯಲ್ಲಿ ನಾವು ಆಡುತ್ತೇವೆ. ಕೊನೆಯಲ್ಲಿ ಕೆಂಡ್ರಾ, ಅಷ್ಟರಲ್ಲಿ ಅವಳು ಸರ್ಕಾರದ ಗೂಢಚಾರಿಣಿ ಎಂದು ಬಯಲಾಗಿರುತ್ತದೆ, ಆ ಸಂದೇಶವನ್ನು ಪೂರ್ತಿ ನೋಡು ಎನ್ನುತ್ತಾಳೆ. ಐಸಾಕ್ ಯಾವಾಗಲೂ ಅರ್ಧಕ್ಕೆ ನಿಲ್ಲಿಸುತ್ತಿದ್ದ ವಿಡಿಯೊ ಈ ಸಲ ಮುಂದುವರಿಯುತ್ತದೆ. ಉಳಿಯುವ ದಾರಿ ಇಲ್ಲದೆ, ಆ ಜಂತುಗಳಲ್ಲಿ ಒಂದಾಗುವ ಮೊದಲೇ, ನಿಕೋಲ್ ತಾನೇ ಇಂಜೆಕ್ಷನ್ ಚುಚ್ಚಿಕೊಂಡು ಪ್ರಾಣ ಬಿಟ್ಟಿದ್ದಳು. ಅವನು ಹಡಗಿಗೆ ಕಾಲಿಡುವ ಮೊದಲೇ ಅದು ಮುಗಿದುಹೋಗಿತ್ತು. ಕಂಡವಳು ಅವಳಲ್ಲ. ಜನರ ತಲೆ ಕೆಡಿಸುವ ‘ಮಾರ್ಕರ್’ ಎಂಬ ಶಿಲೆ ತೋರಿಸಿದ ಭ್ರಮೆ.

ಇನ್ನೂ ಒಂದು ವಿಷಯ. ಈ ಗೇಮ್‌ಗೆ 12 ಅಧ್ಯಾಯಗಳು. ಅವುಗಳ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನಷ್ಟೇ ಸಾಲಾಗಿ ಬರೆದುಕೊಂಡು ನೋಡಿ. ‘ನಿಕೋಲ್ ಸತ್ತಿದ್ದಾಳೆ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯವೇ ಸಿಗುತ್ತದೆ. ಮೊದಲಿನಿಂದ ಕಣ್ಣೆದುರೇ ಇತ್ತು. ನಮಗೂ ಕಾಣಲಿಲ್ಲ, ಅವನಿಗೂ ಬೇಕಿರಲಿಲ್ಲ.

ನನ್ನ ಫೋನಿನಲ್ಲಿ ಅಜ್ಜಿ ಕಳಿಸಿದ ಒಂದು ವಾಯ್ಸ್ ಮೆಸೇಜ್ ಇದೆ, ಎರಡು ನಿಮಿಷದ್ದು. ಆಸ್ಪತ್ರೆಗೆ ಸೇರುವ ಹಿಂದಿನ ದಿನದ್ದು. ಹಪ್ಪಳದ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕು, ಮೆತ್ತಗಾಗುತ್ತದೆ ಎನ್ನುವವರೆಗೆ ಕೇಳುತ್ತೇನೆ, ಆಮೇಲೆ ನಿಲ್ಲಿಸುತ್ತೇನೆ. ಮುಂದೆ ಏನಿದೆ ಎಂದು ಗೊತ್ತಿಲ್ಲದೆ ಅಲ್ಲ, ಒಮ್ಮೆ ಕೇಳಿದ್ದೇನೆ. ಅದಕ್ಕೇ ಐಸಾಕ್ ಯಾಕೆ ಪೂರ್ತಿ ನೋಡಲಿಲ್ಲ ಎಂದು ಗೆಳೆಯರು ಅವನನ್ನು ಬೈದಾಗ ನಾನು ಸುಮ್ಮನಿದ್ದೆ.

ಎರಡನೇ ಗೇಮ್ 2011ರಲ್ಲಿ ಬಂತು. ಕಥೆಯಲ್ಲಿ ಮೂರು ವರ್ಷ ಕಳೆದಿದೆ. ಶನಿಯ ಉಪಗ್ರಹ ಟೈಟನ್‌ನ ಮೇಲಿನ ನಗರದಂಥ ನಿಲ್ದಾಣ. ಐಸಾಕ್ ಅಲ್ಲಿನ ಆಸ್ಪತ್ರೆಯಲ್ಲಿ, ಕೈಗಳನ್ನು ಮೈಗೆ ಕಟ್ಟಿಹಾಕಿದ ಅಂಗಿಯಲ್ಲಿ ಎಚ್ಚರಗೊಳ್ಳುತ್ತಾನೆ. ಬಿಡಿಸಲು ಬಂದವನು ಕಣ್ಣೆದುರೇ ಜಂತುವಾಗಿ ಬದಲಾಗುತ್ತಾನೆ. ಮೊದಲ ಗೇಮ್‌ನಲ್ಲಿ ಬರಿಗೈಯಲ್ಲಿ ಓಡಿದ್ದ, ಇಲ್ಲಿ ಓಡಲು ಕೈಯೇ ಇಲ್ಲ.

ಈ ಗೇಮ್‌ನ ಕಣ್ಣಿನ ಯಂತ್ರದ ಬಗ್ಗೆ ಕೇಳದವರಿಲ್ಲ. ಅವನ ಮಿದುಳಿನಲ್ಲಿ ಹುದುಗಿರುವ ಮಾಹಿತಿ ಹೊರಗೆ ಬರಬೇಕಾದರೆ, ಯಂತ್ರದ ಕೆಳಗೆ ಮಲಗಿ, ಒಂದು ಸೂಜಿಯನ್ನು ತೆರೆದ ಕಣ್ಣಿನ ಪಾಪೆಯ ನಡುವಿಗೆ ಇಳಿಸಬೇಕು. ಇಳಿಸುವವರು ನಾವೇ. ಅವನು ಗಾಬರಿಯಾದರೆ ಕಣ್ಣು ಅಲುಗುತ್ತದೆ. ಸೂಜಿ ಸ್ವಲ್ಪ ಆಚೀಚೆಯಾದರೂ ಮುಗಿಯಿತು. ದೆವ್ವ ಇಲ್ಲ, ಓಟ ಇಲ್ಲ. ಕೈ ನಡುಗದಂತೆ ಒಂದು ಗುರುತಿಗೆ ಇನ್ನೊಂದನ್ನು ಹೊಂದಿಸುವ ಕೆಲಸ ಅಷ್ಟೇ, ಲ್ಯಾಬ್‌ನಲ್ಲಿ ನಿತ್ಯ ಮಾಡುವಂಥದ್ದು. ನನ್ನ ರೂಮ್‌ಮೇಟ್ ಅಲ್ಲಿ ಲ್ಯಾಪ್‌ಟಾಪ್ ನನ್ನ ಕಡೆ ತಳ್ಳಿ ಹೊರಗೆ ಹೋಗಿ ನಿಂತ.

ಆದರೆ ಆ ಗೇಮ್‌ನಲ್ಲಿ ನನಗೆ ಅದಕ್ಕಿಂತ ದೊಡ್ಡದು ಇಶಿಮುರಾಕ್ಕೆ ಅವನು ಮತ್ತೆ ಹೋಗುವುದು. ಅದೇ ಹಡಗನ್ನು ತಂದು ಇಲ್ಲಿ ನಿಲ್ಲಿಸಿದ್ದಾರೆ. ಒಳಗೆಲ್ಲ ಪ್ಲಾಸ್ಟಿಕ್ ಹಾಳೆ ಹೊದಿಸಿ, ಗೋಡೆ ತೊಳೆದು, ದೀಪ ಹಾಕಿದ್ದಾರೆ. ಗೊತ್ತಿರುವ ಕಾರಿಡಾರ್, ಗೊತ್ತಿರುವ ಮೂಲೆ. ಇಲ್ಲಿಂದ ಒಂದು ಹಾರಿತ್ತು, ಅಲ್ಲಿ ಒಂದು ಅಡಗಿತ್ತು ಎಂದು ಬೆರಳು ತಾನಾಗಿಯೇ ಬಟನ್ ಮೇಲೆ ಬಿಗಿಯುತ್ತದೆ. ಏನೂ ಬರುವುದಿಲ್ಲ. ನಡೆಯುತ್ತೀರಿ, ಏನೂ ಬರುವುದಿಲ್ಲ. ಎಷ್ಟೋ ಹೊತ್ತು ಖಾಲಿ ಹಡಗು ಮತ್ತು ನಮ್ಮ ನೆನಪು ಮಾತ್ರ. ಸಾವು ನಡೆದ ಮನೆಗೆ ಸುಣ್ಣ ಹೊಡೆಸಿದ ಮೇಲೆ ಮೊದಲ ಸಲ ಹೋದವರಿಗೆ ಇದು ಅರ್ಥವಾದೀತು.

ಇಲ್ಲಿ ಐಸಾಕ್‌ಗೆ ಮಾತು ಬಂದಿದೆ. ಇಶಿಮುರಾದ ಕೆಲಸಕ್ಕೆ ಸೇರು ಎಂದು ನಿಕೋಲ್‌ಗೆ ಹುರಿದುಂಬಿಸಿದ್ದವನು ಇವನೇ, ಆ ಭಾರ ಅವನನ್ನು ಬಿಡುವುದಿಲ್ಲ. ಕಣ್ಣಿಂದ ಬೆಳಕು ಸುರಿಸುತ್ತ ಅವಳು ಎದುರಾದಾಗಲೆಲ್ಲ ಅವನು ಬೈಯುತ್ತಾನೆ, ಓಡಿಸುತ್ತಾನೆ. ಕೊನೆಗೊಮ್ಮೆ ಓಡಿಸುವುದನ್ನು ನಿಲ್ಲಿಸಿ, ನಿನ್ನನ್ನೂ ಬಿಟ್ಟರೆ ನನಗೆ ಏನೂ ಉಳಿಯುವುದಿಲ್ಲ ಎಂಬ ಅರ್ಥದ ಮಾತಾಡುತ್ತಾನೆ. ಅಂತ್ಯದಲ್ಲಿ ಮಾರ್ಕರ್ ನಾಶವಾಗಿ, ನಿಲ್ದಾಣ ಕುಸಿಯುತ್ತಿರುವಾಗ ಅವನು ಓಡುವುದೂ ಇಲ್ಲ. ಸುಸ್ತಾಗಿ ಕುಳಿತುಬಿಡುತ್ತಾನೆ. ಅವನನ್ನು ಎಬ್ಬಿಸುವುದು ಎಲ್ಲೀ ಎಂಬ ಹುಡುಗಿ, ಭಾರಿ ಯಂತ್ರಗಳನ್ನು ಓಡಿಸುವ ಪೈಲಟ್. (‘ಎಲ್ಲೀ ಎಲ್ಲಿ?’ ಎಂಬ ಜೋಕ್ ನಮ್ಮಲ್ಲಿ ಇನ್ನೂ ಹಳಸಿಲ್ಲ.) ಅವಳಾದರೂ ಬದುಕಲಿ ಎಂದು ಅವನೇ ಮೊದಲು ನೌಕೆಯಲ್ಲಿ ಕೂಡಿಹಾಕಿ ಕಳಿಸಿದ್ದ. ಅವಳು ಅದೇ ನೌಕೆಯನ್ನು ತಿರುಗಿಸಿಕೊಂಡು, ಚಾವಣಿ ಒಡೆದು ವಾಪಸ್ ಬರುತ್ತಾಳೆ. ಅಷ್ಟು ಜನರನ್ನು ಗಾಜಿನ ಈಚೆಯಿಂದ ನೋಡುತ್ತ ನಿಂತಿದ್ದವನಿಗಾಗಿ ಒಬ್ಬರು ತಿರುಗಿ ಬಂದರಲ್ಲ ಎಂದು ನನಗೆ ಗಂಟಲು ಕಟ್ಟಿತ್ತು.

2013ರ ಮೂರನೇ ಗೇಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಮದ ಗ್ರಹ ಚೆನ್ನಾಗಿದೆ, ವರ್ಕ್‌ಬೆಂಚ್‌ನಲ್ಲಿ ಬಿಡಿಭಾಗ ಜೋಡಿಸಿ ನಮ್ಮದೇ ಆಯುಧ ಮಾಡಿಕೊಳ್ಳುವುದು ಮಜವಾಗಿದೆ. ಆದರೆ ಗುಂಡಿನ ಸುರಿಮಳೆಯಲ್ಲಿ ಐಸಾಕ್ ಸೈನಿಕನೇ ಆಗಿಬಿಟ್ಟ. ಹೆದರಿಕೆ ಎಲ್ಲೋ ಹೋಯಿತು. ಮೂರನ್ನೂ ಮಾಡಿದ ವಿಸೆರಲ್ ಸ್ಟುಡಿಯೊ 2017ರಲ್ಲಿ ಮುಚ್ಚಿತು.

ಮೋಟಿವ್ ಸ್ಟುಡಿಯೊ ಮಾಡಿದ 2023ರ ರಿಮೇಕ್‌ನಲ್ಲಿ ಮೊದಲ ಕಥೆಗೂ ಐಸಾಕ್‌ನ ಮಾತು ಸೇರಿದೆ. ಎರಡು ಮತ್ತು ಮೂರನೇ ಗೇಮ್‌ಗೆ ದನಿ ಕೊಟ್ಟಿದ್ದ ಗನ್ನರ್ ರೈಟ್ ಅವರೇ ಇಲ್ಲೂ ಇದ್ದಾರೆ. ಇದು ಬೇಕಿತ್ತೇ ಎಂದು ನಮ್ಮಲ್ಲಿ ದೊಡ್ಡ ಜಗಳ. ಮೌನವೇ ಚೆನ್ನಾಗಿತ್ತು ಎನ್ನುವವರು ಇದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಆದರೂ ನನಗೆ ಹೊಸ ಐಸಾಕ್ ಇಷ್ಟ. ಹಳೆಯವನು ಹೇಳಿದಲ್ಲಿಗೆ ಹೋಗುತ್ತಿದ್ದ. ಇವನು ಕೆಟ್ಟಿರುವುದನ್ನು ನೋಡಿ, ಹೀಗೆ ಮಾಡಿದರೆ ಸರಿಹೋದೀತು ಎಂದು ತಾನೇ ಸೂಚಿಸುತ್ತಾನೆ. ಇಂಟರ್ನ್ ಈಗ ಎಂಜಿನಿಯರ್ ಆಗಿದ್ದಾನೆ.

ರಿಮೇಕ್‌ನಲ್ಲಿ ಹೊಸದಾಗಿ ಸೇರಿಸಿರುವ ಸರ್ಕ್ಯೂಟ್ ಬ್ರೇಕರ್‌ಗಳು ನನಗೆ ಎಲ್ಲಕ್ಕಿಂತ ಹಿಡಿಸಿದವು. ಬಾಗಿಲಿಗೋ ಯಂತ್ರಕ್ಕೋ ಕರೆಂಟ್ ಬೇಕು. ಇರುವುದು ಸ್ವಲ್ಪವೇ. ಒಂದು ಕಡೆ ಕೊಡಬೇಕಾದರೆ ಇನ್ನೊಂದು ಕಡೆ ಕಡಿಯಬೇಕು. ಒಂದು ಕಡೆ ಗೇಮ್ ನೇರವಾಗಿ ಕೇಳುತ್ತದೆ: ದೀಪ ಆರಿಸುತ್ತೀಯೋ, ಆಮ್ಲಜನಕ ನಿಲ್ಲಿಸುತ್ತೀಯೋ? ಕತ್ತಲೆಯಲ್ಲಿ ಉಸಿರಾಡುತ್ತ ಹೋಗಬಹುದು, ಅಥವಾ ಬೆಳಕಿನಲ್ಲಿ ಉಸಿರು ಎಣಿಸುತ್ತ ಹೋಗಬಹುದು. ಅವನನ್ನು ಹೆದರಿಸಲು ಜಂತುವೇ ಬೇಕಿಲ್ಲ, ಒಂದು ಸ್ವಿಚ್ ಬೋರ್ಡ್ ಸಾಕು. ರೂಮ್‌ಮೇಟ್ ಆಮ್ಲಜನಕ ನಿಲ್ಲಿಸಿದ, ನಲವತ್ತು ಸೆಕೆಂಡಿನಲ್ಲಿ ಓಡಿ ದಾಟುತ್ತೇನೆ ಎಂದ. ನಾನು ದೀಪ ಆರಿಸಿದೆ. ಕಟರ್‌ನ ಟಾರ್ಚ್ ಬೆಳಕು ಬೀಳುವಷ್ಟೇ ಜಾಗ ನೋಡುತ್ತ, ಗೋಡೆ ಹಿಡಿದು ನಡೆದೆ. ಐದು ನಿಮಿಷದ ದಾರಿಗೆ ಇಪ್ಪತ್ತು ನಿಮಿಷ ಹಿಡಿಯಿತು. ರೂಮ್‌ಮೇಟ್ ಮೂರು ಸಲ ಸತ್ತ. ನಾಲ್ಕನೇ ಸಲ ಅವನೂ ದೀಪ ಆರಿಸಿದ.